ದ್ರಾಕ್ಷಿ ಬಳ್ಳಿಯ ಒಳಗೊಂದು ನಕ್ಷೆ



ಓಬಳಾಪುರದಿಂದ ಬಳ್ಳಾರಿಗೆ ಎಷ್ಟು ದೂರ ಎಂದು ಕೇಳಿ ನೋಡಿ. ಒಬ್ಬರು ಬಸ್ಸಿನಲ್ಲಿ ಇಷ್ಟು ಹೊತ್ತು ಅಂತಾರೆ, ಇನ್ನೊಬ್ಬರು ಇಷ್ಟು ಕಿಲೋಮೀಟರು ಅಂತಾರೆ. ರಸ್ತೆ ಕೆಟ್ಟರೆ ಹೊತ್ತು ಹೆಚ್ಚಾಗುತ್ತದೆ, ಕಿಲೋಮೀಟರು ಮಾತ್ರ ಅಷ್ಟೇ ಇರುತ್ತದೆ.

ಗಿಡಗಳ ಜೀನ್‌ಗಳಿಗೂ ಹೀಗೆ ಎರಡು ಬಗೆಯ ನಕ್ಷೆಗಳಿವೆ. ಎರಡು ಗುಣಗಳು ತಾಯಿಬಳ್ಳಿಯಿಂದ ಮರಿಗಳಿಗೆ ಎಷ್ಟು ಸಲ ಜೊತೆಯಾಗಿ ಬರುತ್ತವೆ ಎಂದು ಎಣಿಸಿ ದೂರವನ್ನು ಅಂದಾಜು ಮಾಡುವುದು ಆನುವಂಶಿಕ ನಕ್ಷೆ. ಡಿಎನ್‌ಎಯಲ್ಲಿರುವ ಬೇಸ್‌ಗಳ ಲೆಕ್ಕದಲ್ಲೇ ದೂರ ಹೇಳುವುದು ಭೌತಿಕ ನಕ್ಷೆ.

ಇದರಿಂದ ರೈತನಿಗೇನು ಲಾಭ? ಮಡಕಶಿರಾದಿಂದ ಹಿಂದೂಪುರ, ಗೌರಿಬಿದನೂರು ದಾಟಿದರೆ ಚಿಕ್ಕಬಳ್ಳಾಪುರ. ಅಲ್ಲಿ ಬೆಂಗಳೂರು ನೀಲಿ, ದಿಲ್‌ಖುಷ್ ದ್ರಾಕ್ಷಿ ತೋಟಗಳಿವೆ. ದ್ರಾಕ್ಷಿಗೆ ಬೂದಿರೋಗ ಬಂದರೆ ಎಲೆ, ಕಾಯಿಗಳ ಮೇಲೆ ಬೂದಿ ಚೆಲ್ಲಿದಂತೆ ಶಿಲೀಂಧ್ರ ಹಬ್ಬುತ್ತದೆ. ರೈತ ಮತ್ತೆ ಮತ್ತೆ ಔಷಧಿ ಹೊಡೆಯಬೇಕು, ದುಡ್ಡು ಸುರಿಯಬೇಕು.

ಅಮೆರಿಕದ ಮಸ್ಕಡೈನ್ ಎಂಬ ಕಾಡುದ್ರಾಕ್ಷಿ ಈ ರೋಗವನ್ನು ತಡೆಯುತ್ತದೆ. ಆ ಶಕ್ತಿ ಕೊಡುವ ‘ರನ್1’ ಜೀನ್ 12ನೇ ಕ್ರೋಮೋಸೋಮಿನಲ್ಲಿದೆ. ಅದನ್ನು ನಾವು ತಿನ್ನುವ ದ್ರಾಕ್ಷಿಯೊಂದಿಗೆ ಸಂಕರ ಮಾಡಿದಾಗ ನೂರಾರು ಸಸಿಗಳು ಹುಟ್ಟುತ್ತವೆ. ಜೀನ್ ಯಾವುದಕ್ಕೆ ಬಂದಿದೆ? ಜೀನ್‌ನ ಪಕ್ಕದಲ್ಲೇ ಒಂದು ಗುರುತು ಗೊತ್ತಿದ್ದರೆ ಸಸಿಯ ಎಲೆಯ ಚೂರನ್ನು ಪರೀಕ್ಷಿಸಿಯೇ ಹೇಳಬಹುದು. ಬಳ್ಳಿ ಬೆಳೆದು ರೋಗ ಬರಲಿ ಎಂದು ಕಾಯಬೇಕಿಲ್ಲ. ಅಂಥ ಗುರುತನ್ನು ಹುಡುಕಲು ಭೌತಿಕ ನಕ್ಷೆ ನೆರವಾಗುತ್ತದೆ.

ನಕ್ಷೆ ಮಾಡುವುದು ಹೇಗೆ? ದ್ರಾಕ್ಷಿಗೆ 19 ಜೊತೆ ಕ್ರೋಮೋಸೋಮುಗಳು, ಒಂದು ಪ್ರತಿಯಲ್ಲಿ ಸುಮಾರು 48 ಕೋಟಿ ಬೇಸ್‌ಗಳು. ಇಷ್ಟುದ್ದದ ಡಿಎನ್‌ಎಯನ್ನು ಒಂದೇ ಸಲ ಓದಲಾಗದು. ಆದ್ದರಿಂದ ಅದರ ಹಲವು ಪ್ರತಿಗಳನ್ನು ಬೇರೆ ಬೇರೆ ಕಡೆ ಕತ್ತರಿಸಿ, ಒಂದೊಂದು ತುಂಡನ್ನು ಒಂದೊಂದು ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರೆ. ಬ್ಯಾಕ್ಟೀರಿಯಾ ಬೆಳೆದಂತೆ ತುಂಡಿನ ಪ್ರತಿಗಳೂ ಬೆಳೆಯುತ್ತವೆ. ತುಂಡು 1,20,000 ಬೇಸ್ ಉದ್ದವೆಂದುಕೊಂಡರೆ ಸಾಲಾಗಿ ಜೋಡಿಸಲು 4,000 ತುಂಡು ಸಾಕು. ಆದರೆ ಯಾವುದರ ಪಕ್ಕ ಯಾವುದು? ಅದು ತಿಳಿಯಬೇಕಾದರೆ ತುಂಡುಗಳು ಒಂದರ ಮೇಲೊಂದು ಹಾಯಬೇಕು. ಅದಕ್ಕೇ ಇದರ ಹಲವು ಪಟ್ಟು ತುಂಡುಗಳು ಬೇಕಾಗುತ್ತವೆ. ಪ್ರತಿ ತುಂಡನ್ನೂ ಕಿಣ್ವದಿಂದ ಮತ್ತೆ ಕತ್ತರಿಸಿ ಚೂರುಗಳ ಉದ್ದ ಅಳೆಯುತ್ತಾರೆ. ಎರಡು ತುಂಡುಗಳಲ್ಲಿ ಒಂದೇ ಉದ್ದದ ಚೂರುಗಳು ಹಲವು ಸಿಕ್ಕರೆ ಅವು ಅಕ್ಕಪಕ್ಕದವು.

ಇನ್ನೊಂದು ತೊಡಕಿದೆ. ದ್ರಾಕ್ಷಿಯಲ್ಲಿ ಜೊತೆಯ ಎರಡು ಕ್ರೋಮೋಸೋಮುಗಳ ನಡುವೆ ವ್ಯತ್ಯಾಸ ಬಹಳ, ತುಂಡು ಜೋಡಿಸುವಾಗ ಗೊಂದಲವಾಗುತ್ತದೆ. ಅದಕ್ಕೇ ಫ್ರಾನ್ಸ್, ಇಟಲಿಯ ವಿಜ್ಞಾನಿಗಳು ಸ್ವಕೀಯ ಪರಾಗಸ್ಪರ್ಶದಿಂದ ಪಡೆದ, ಎರಡೂ ಪ್ರತಿಗಳು ಹೆಚ್ಚುಕಡಿಮೆ ಒಂದೇ ಆಗಿರುವ ತಳಿಯನ್ನು ಆರಿಸಿಕೊಂಡರು. 2007ರಲ್ಲಿ ದ್ರಾಕ್ಷಿಯ ಜೀನೋಮ್ ಪ್ರಕಟಿಸಿದರು. ಹಣ್ಣಿನ ಬೆಳೆಗಳಲ್ಲಿ ಇದೇ ಮೊದಲು.

ನಕ್ಷೆಯೇ ರೋಗ ವಾಸಿ ಮಾಡುವುದಿಲ್ಲ, ನೆನಪಿಡಿ. ಸಂಕರ ಮಾಡಬೇಕು, ಹೊಲದಲ್ಲಿ ಬೆಳೆದು ನೋಡಬೇಕು, ಹಣ್ಣಿನ ರುಚಿಯೂ ಒಪ್ಪಬೇಕು. ನಕ್ಷೆ ಉಳಿಸುವುದು ವರ್ಷಗಳನ್ನು.

ಮಾಡಿ ನೋಡಿ: ಪಾಠದ ಒಂದೇ ಸಾಲನ್ನು ಮೂರು ಉದ್ದ ಪಟ್ಟಿಗಳಲ್ಲಿ ಬರೆಯಿರಿ. ಮೂರನ್ನೂ ಬೇರೆ ಬೇರೆ ಕಡೆ ಕತ್ತರಿಸಿ, ಕಲಸಿ, ಆ ಸಾಲು ಗೊತ್ತಿಲ್ಲದ ಗೆಳೆಯರಿಗೆ ಜೋಡಿಸಲು ಕೊಡಿ. ಆಮೇಲೆ ಇನ್ನೊಂದು ಸಾಲು ಬರೆದು ಮೂರೂ ಪಟ್ಟಿಗಳನ್ನು ಒಂದೇ ಕಡೆ ಕತ್ತರಿಸಿ ಕೊಡಿ. ಯಾವುದು ಕಷ್ಟವಾಯಿತು? ಯಾಕೆ?