ಹಳೆ ಮನೆ ರಿಪೇರಿ: ಮುಹೂರ್ತ ಎಷ್ಟು, ಶಾಂತಿ ಎಷ್ಟು?

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ತಾತ ಕಟ್ಟಿಸಿದ ಹೆಂಚಿನ ಮನೆ ಇದೆ. 80 ವರ್ಷ ದಾಟಿದೆ. ಜಂತಿಗಳಿಗೆ ಗೆದ್ದಲು ಹತ್ತಿ, ತಾಯಿ ಮಲಗುವ ಕೋಣೆಯ ಮೇಲೇ ಛಾವಣಿ ಬಾಗಿದೆ. ಈಗ ಗುರು ಮೌಢ್ಯ, ಆಮೇಲೆ ಆಷಾಢ, ಅದೆಲ್ಲ ಕಳೆಯಲಿ ಎನ್ನುತ್ತಾರೆ ಹಿರಿಯರು. ವಾಸ್ತು ನೋಡಲು ಬಂದವರು ಈಶಾನ್ಯದ ಅಡಿಗೆಮನೆ ಒಡೆಯಲೇಬೇಕು ಎಂದರು. ಬಚ್ಚಲು, ಪಾಯಿಖಾನೆ ಹಿತ್ತಲಲ್ಲಿವೆ. ರಾತ್ರಿ ಹೋಗುವಾಗ ತಾಯಿ ಎರಡು ಸಲ ಜಾರಿದ್ದಾರೆ. ಅವರ ಕೋಣೆಗೇ ಬಾತ್‌ರೂಮ್ ಸೇರಿಸೋಣವೆಂದರೆ ಗೋಡೆಯಾಚೆ ದೇವರ ಮನೆ. ತಾಯಿಗೆ 82 ವರ್ಷ. 'ನಾನಿರುವಷ್ಟು ದಿನ ದೇವರನ್ನು ಅಲುಗಾಡಿಸಬೇಡಿ' ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಯಾವ ಹೋಮ ಮಾಡಿಸಬೇಕು? ತಂದೆ ತೀರಿಕೊಂಡಿರುವುದರಿಂದ, ಮತ್ತೆ ಒಳಗೆ ಬರುವಾಗ ತಾಯಿ ದೀಪ ಹಿಡಿಯಬಾರದು ಎಂದು ನೆಂಟರೊಬ್ಬರು ಹೇಳಿದ್ದಾರೆ. ದಾರಿ ತೋರಿಸಿ.
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ಒಂದು ಸಾಲು ಬರೆದು ಕಳಿಸಿದ್ದೆ: ತಾಯಿಯವರ ಮಂಚವನ್ನು ಆ ಕೋಣೆಯಿಂದ ಇವತ್ತೇ ಸರಿಸಿ ಅಂತ. ಉಳಿದದ್ದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಇದೇ ಥರದ ಪತ್ರಗಳು ಬಹಳ ಬರುತ್ತಿವೆ, ಎಲ್ಲರಿಗೂ ಉಪಯೋಗವಾಗಲಿ.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ನೀವು ಮಾಡುತ್ತಿರುವುದು ನೂತನ ಗೃಹ ನಿರ್ಮಾಣವಲ್ಲ, ಜೀರ್ಣೋದ್ಧಾರ. ಇವೆರಡಕ್ಕೂ ಒಂದೇ ನಿಯಮ ಹಾಕಿಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಹಳೆಯ ಮನೆಯಲ್ಲಿ ವಾಸ್ತು ಪೂಜೆ ಎಂದೋ ಆಗಿದೆ, ಅಗ್ನಿ ಉರಿದಿದೆ, ಶ್ರಾದ್ಧ, ಮದುವೆ, ಮುಂಜಿ ಎಲ್ಲ ನಡೆದಿವೆ. ಅದನ್ನು ಹೊಸದಾಗಿ ಶುದ್ಧ ಮಾಡಬೇಕಾದ ಬರಿಯ ನೆಲ ಎಂದು ತಿಳಿಯಬೇಡಿ. ಕಾಯಿಲೆ ಬಿದ್ದ ಹಿರಿಯರಿಗೆ ಮಾಡುವ ಉಪಚಾರದಂತೆ ನೋಡಿ.

ಮುಹೂರ್ತದ ವಿಷಯ

ಪ್ರವೇಶವನ್ನು ನಮ್ಮವರು ಮೂರು ಬಗೆ ಮಾಡಿದ್ದಾರೆ. ಹೊಸ ಮನೆಗೆ ಮೊದಲ ಸಲ ಹೋಗುವುದು ಅಪೂರ್ವ. ಬಹುಕಾಲ ಊರುಬಿಟ್ಟಿದ್ದು ಮರಳಿ ಬರುವುದು ಸಪೂರ್ವ. ಬೆಂಕಿ, ನೆರೆ ಮುಂತಾದವುಗಳಿಂದ ಕೆಟ್ಟ ಮನೆಯನ್ನು ಸರಿಪಡಿಸಿ ಒಳಗೆ ಬರುವುದು ದ್ವಂದ್ವ. ನಿಮ್ಮದು ಮೂರನೆಯ ಜಾತಿಗೆ ಹತ್ತಿರ.

ರಾಮ ದೈವಜ್ಞರು ಕಾಶಿಯಲ್ಲಿ ಕ್ರಿ.ಶ. 1600ರಲ್ಲಿ ರಚಿಸಿದ 'ಮುಹೂರ್ತ ಚಿಂತಾಮಣಿ'ಯನ್ನು ನಮ್ಮ ಪಂಚಾಂಗಕರ್ತರೂ ಪ್ರಮಾಣವಾಗಿ ಇಟ್ಟುಕೊಳ್ಳುತ್ತಾರೆ. ಅದರ ಗೃಹಪ್ರವೇಶ ಪ್ರಕರಣದಲ್ಲಿ ಜೀರ್ಣಗೃಹಕ್ಕೆ ಬೇರೆಯೇ ವಿನಾಯಿತಿ ಕೊಟ್ಟಿದ್ದಾರೆ. ಹೊಸ ಮನೆಗೆ ಹೇಳಿದ ಮಾಸಗಳ ಜೊತೆಗೆ ಶ್ರಾವಣ, ಕಾರ್ತಿಕ, ಮಾರ್ಗಶಿರವೂ ಆಗುತ್ತವೆ. ಪುಷ್ಯ, ಸ್ವಾತಿ, ಧನಿಷ್ಠಾ, ಶತಭಿಷಾ ನಕ್ಷತ್ರಗಳೂ ಆಗುತ್ತವೆ. ಗುರು ಶುಕ್ರರ ಅಸ್ತ, ಅಂದರೆ ನೀವು ಹೇಳುವ ಮೌಢ್ಯವನ್ನು, ಇಲ್ಲಿ ಅವಶ್ಯವಾಗಿ ನೋಡಬೇಕಾಗಿಲ್ಲ. ಕಾರಣ ಸರಳ. ಹೊಸ ಮನೆ ಕಾಯಬಹುದು, ಅದರಲ್ಲಿ ಇನ್ನೂ ಯಾರೂ ಇಲ್ಲ. ಹಳೆ ಮನೆಯೊಳಗೆ ಜನ ಇದ್ದಾರೆ.

ಇದು ಕೆಲಸ ಮುಗಿದ ಮೇಲಿನ ಪ್ರವೇಶದ ಮಾತು. ಕೆಲಸ ಶುರು ಮಾಡುವುದಕ್ಕೆ ಮಂಗಳವಾರ, ಅಮಾವಾಸ್ಯೆ, ಚೌತಿ, ನವಮಿ, ಚತುರ್ದಶಿ ಬಿಟ್ಟು ಮನೆಯ ಯಜಮಾನರಿಗೆ ತಾರಾಬಲ ಇರುವ ಒಂದು ಬೆಳಿಗ್ಗೆ ಸಾಕು. ಬೀಳುವ ಛಾವಣಿಗೆ ಅದೂ ಬೇಡ. ಇವತ್ತೇ ಊರೆಗೋಲು ಕೊಡಿಸಿ, ಒಳ್ಳೆಯ ದಿನ ನೋಡಿ ಹೆಂಚು ಇಳಿಸಿ. ಮುಂಗಾರು ನಮ್ಮ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಪ್ರಾಣಕ್ಕೆ ಅಪಾಯವಿರುವಾಗ ಕಾಯುವುದು ಶ್ರದ್ಧೆಯಲ್ಲ, ಉದಾಸೀನ.

ಈಶಾನ್ಯದ ಅಡಿಗೆಮನೆ

ಅಡಿಗೆಗೆ ಆಗ್ನೇಯ ಪ್ರಶಸ್ತ, ನಿಜ. ವಾಸ್ತುಪುರುಷನ ಶಿರಸ್ಸು ಈಶಾನ್ಯದಲ್ಲಿ ಎಂಬುದೂ ನಿಜ. ಆದರೆ ಈ ವಿಧಿಗಳೆಲ್ಲ ಮನೆ ಕಟ್ಟುವ ಮೊದಲು ನೋಡಬೇಕಾದವು. ಮೂರು ತಲೆಮಾರು ಉಂಡು ಬೆಳೆದ ಅಡಿಗೆಮನೆಯನ್ನು ಭಯಪಟ್ಟು ಒಡೆಯಿರಿ ಎನ್ನುವುದಕ್ಕಲ್ಲ.

ಇನ್ನೊಂದು ಗಮನಿಸಿ. ಈಗಿನ ಮನೆಗಳಲ್ಲಿ ಭಾರ ಹೊರುವುದು ಕಾಂಕ್ರೀಟ್ ಪಿಲ್ಲರ್. ಹಳೆಯ ಮನೆಗಳಲ್ಲಿ ಗೋಡೆಯೇ ತೊಲೆಯನ್ನೂ ಛಾವಣಿಯನ್ನೂ ಹೊತ್ತಿರುತ್ತದೆ. ದಿಕ್ಕಿನ ದೋಷ ಕಳೆಯಲು ಹೋಗಿ ಗೋಡೆ ಕಿತ್ತರೆ ಅಪಾಯ ನಾವೇ ತಂದುಕೊಂಡಂತೆ. ಮೊದಲು ಎಂಜಿನಿಯರಿಗೆ ತೋರಿಸಿ, ಹಳೆ ಕೆಲಸ ಬಲ್ಲ ಮೇಸ್ತ್ರಿಯನ್ನು ಕೇಳಿ, ಆಮೇಲೆ ನಮ್ಮಂಥವರ ಹತ್ತಿರ ಬನ್ನಿ. ಅದೇ ಅಡಿಗೆಮನೆಯೊಳಗೆ ಒಲೆಯನ್ನು ಆಗ್ನೇಯ ಮೂಲೆಗೆ ಸರಿಸಿ, ಅಡಿಗೆ ಮಾಡುವವರು ಪೂರ್ವಕ್ಕೆ ಮುಖ ಮಾಡುವಂತೆ ಕಟ್ಟೆ ಹಾಕಿಸಿ. ಈಶಾನ್ಯ ಮೂಲೆಯಲ್ಲಿ ಕುಡಿಯುವ ನೀರಿನ ಬಿಂದಿಗೆ ಇಡಿ, ಎಂಜಲು ಪಾತ್ರೆ ಬೇಡ. ಇಷ್ಟು ಧಾರಾಳವಾಗಿ ಸಾಕು.

ಗೋಡೆ ಸುಣ್ಣದ ಗಾರೆಯದೋ ಮಣ್ಣಿನದೋ ಆಗಿದ್ದರೆ ಅದರ ಮೇಲೆ ಸಿಮೆಂಟ್ ಬಳಿಸಬೇಡಿ. ಒಳಗಿನ ತೇವ ಹೊರಗೆ ಬರಲಾರದೆ ಗೋಡೆ ಕೊಳೆಯುತ್ತದೆ. ತೇವ ಹಿಡಿದ ಕಡೆ ಗೆದ್ದಲೂ ಬರುತ್ತದೆ. ಗೆದ್ದಲು ಹತ್ತಿದ ಜಂತಿ ತೆಗೆಸಿ. ಗಟ್ಟಿ ಇರುವುದನ್ನು ಬದಲಿಸಬೇಡಿ. ತಲೆಬಾಗಿಲ ಚೌಕಟ್ಟು ಸಾಗುವಾನಿಯದಾಗಿ ಗಟ್ಟಿಯಿದ್ದರೆ 'ಹೊಸತು ಶುಭ' ಅಂತ ಕಿತ್ತುಹಾಕುವುದು ಬೇಡವೇ ಬೇಡ.

ತಾಯಿಯವರ ಕೋಣೆಗೆ ಬಾತ್‌ರೂಮ್

ಕಟ್ಟಿಸಿ. ದೇವರ ಮನೆಗೂ ಶೌಚಕ್ಕೂ ಒಂದೇ ಗೋಡೆ ಆಗಬಾರದೆಂಬುದು ಒಳ್ಳೆಯ ನಿಯಮ. ಅದನ್ನು ಪಾಲಿಸಲು ದಾರಿ ಇದೆ. ಕೋಣೆಯ ಇನ್ನೊಂದು ಪಕ್ಕಕ್ಕೆ, ಹೊರಗೋಡೆಯ ಕಡೆ ಕಟ್ಟಿಸಿ. ಜಾಗ ಸಾಲದಿದ್ದರೆ ನಡುವೆ ಎರಡನೇ ಗೋಡೆ ಎಬ್ಬಿಸಿ ಸ್ವಲ್ಪ ಸಂದು ಬಿಡಿಸಿ, ದೇವರ ಮಂಟಪವನ್ನು ಎದುರಿನ ಗೋಡೆಗೆ ಹಾಕಿ. ಮೂಲೆ ಸರಿಯಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, 82 ವರ್ಷದ ತಾಯಿ ಕತ್ತಲಲ್ಲಿ ಮೂರನೇ ಸಲ ಜಾರಿದರೆ ಅದಕ್ಕೆ ಯಾವ ಶಾಂತಿ ಎಂದು ಅವರನ್ನೇ ಕೇಳಿ. ನೆಲಕ್ಕೆ ಜಾರದ ಕಲ್ಲು ಹಾಕಿಸಿ, ಗೋಡೆಗೆ ಹಿಡಿಕೆ ಇಡಿಸಿ.

ದೇವರನ್ನು ಅಲುಗಾಡಿಸುವುದು

ತಾಯಿಯವರ ಮಾತಿನಲ್ಲಿ ಭಕ್ತಿ ಇದೆ, ಅದನ್ನು ಹಗುರ ಮಾಡಬೇಡಿ. ಆದರೆ ಅವರಿಗೆ ಇದನ್ನು ಸಮಾಧಾನವಾಗಿ ತಿಳಿಸಿ. ದೇವಸ್ಥಾನದಲ್ಲಿ ಮೂರ್ತಿ ಅಚಲ. ಅಲ್ಲಿ ಜೀರ್ಣೋದ್ಧಾರವೆಂದರೆ ಬಾಲಾಲಯ, ಕಲಾಕರ್ಷಣೆ, ಪುನಃಪ್ರತಿಷ್ಠೆ ಎಲ್ಲ ಬೇಕು. ಮನೆಯ ದೇವರು ಚಲ ಪ್ರತಿಮೆ. ಪೆಟ್ಟಿಗೆಯಲ್ಲಿಟ್ಟುಕೊಂಡು ಕಾಶಿಗೂ ಹೋಗಬಹುದು. ಸರಿಸಿದರೆ ದೋಷವಿಲ್ಲ. ಧೂಳು, ಗಾರೆ ಬೀಳುವ ಕಡೆ ಪೂಜೆಯಿಲ್ಲದೆ ಬಿಟ್ಟರೆ ಅದು ದೋಷ.

ಕ್ರಮ ಹೀಗೆ. ಹಿಂದಿನ ದಿನ ಸಂಜೆ ದೀಪ ಹಚ್ಚಿ, ಹಣ್ಣು ಕಾಯಿ ನೈವೇದ್ಯ ಮಾಡಿ, ನೀವು ದಂಪತಿಗಳು ತಾಯಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಲದೇವರಲ್ಲಿ ಅನುಜ್ಞೆ ಬೇಡಿ. 'ಮನೆ ಜೀರ್ಣವಾಗಿದೆ, ಸರಿಪಡಿಸುತ್ತಿದ್ದೇವೆ, ಅಲ್ಲಿಯವರೆಗೆ ಇಂಥ ಜಾಗದಲ್ಲಿ ನೆಲೆಸಬೇಕು' ಎಂದು ಕನ್ನಡದಲ್ಲೇ ಹೇಳಿ, ದೇವರಿಗೆ ಅರ್ಥವಾಗುತ್ತದೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿಯಲ್ಲಿ ಪೆಟ್ಟಿಗೆ ಸರಿಸಿ. ಸಾಲಿಗ್ರಾಮವಿದ್ದರೆ ನಿತ್ಯಾಭಿಷೇಕ ತಪ್ಪಬಾರದು. ಕೆಲಸ ನಡೆಯದ ಕೋಣೆಯಲ್ಲಿಡಿ, ಇಲ್ಲವೇ ಪೂಜೆ ಮಾಡುವ ದಾಯಾದಿಗಳ ಮನೆಯಲ್ಲಿ ಕೊಡಿ. ಸಾಲಿಗ್ರಾಮ ಬಿರುಕು ಬಿಟ್ಟಿದ್ದರೂ ಪೂಜ್ಯವೇ. ಒಡೆದ ವಿಗ್ರಹಗಳನ್ನು ಹರಿಯುವ ನೀರಿಗೆ ವಿಸರ್ಜಿಸಬಹುದು. ಹಳೆಯ ಪಟಗಳ ಗಾಜು, ಮೊಳೆ, ಪ್ಲಾಸ್ಟಿಕ್ ಮಾತ್ರ ನದಿಗೆ ಬೇಡ. ಅರಳಿಕಟ್ಟೆಯ ಬುಡದಲ್ಲೂ ಒರಗಿಸಿ ಬರಬೇಡಿ.

ಯಾವ ಹೋಮ?

ರಿಪೇರಿ ಎಷ್ಟೋ, ಕರ್ಮ ಅಷ್ಟು. ಬಣ್ಣ, ನೆಲ, ನಲ್ಲಿ, ವೈರಿಂಗ್ ಮಾತ್ರ ಆದರೆ ಪುಣ್ಯಾಹ ಮಾಡಿಸಿ ದೀಪ ಹಚ್ಚಿ, ಮುಗಿಯಿತು. ಛಾವಣಿ ಇಳಿಸಿ ಹೊದಿಸಿದರೆ, ಒಲೆ ಸರಿಸಿದರೆ, ತಲೆಬಾಗಿಲು ಬದಲಿಸಿದರೆ ಪುಣ್ಯಾಹ, ಗಣಪತಿ ಹೋಮ, ಸಂಕ್ಷಿಪ್ತ ವಾಸ್ತು ಹೋಮ ಮಾಡಿಸಿ ಹಾಲು ಉಕ್ಕಿಸಿ. ನಿಮ್ಮದು ಈ ಎರಡನೆಯದು. ಋಗ್ವೇದದ ಏಳನೇ ಮಂಡಲದ 54ನೇ ಸೂಕ್ತ ವಾಸ್ತೋಷ್ಪತಿಯದು, ಮೂರೇ ಮಂತ್ರ. ಅದನ್ನು ತಪ್ಪದೆ ಹೇಳಿಸಿ. ಪಾಯದವರೆಗೆ ಕೆಡವಿ ಕಟ್ಟಿದರೆ, ಅಥವಾ ಬೆಂಕಿ, ನೆರೆಗೆ ಸಿಕ್ಕಿದ ಮನೆಯಾದರೆ ಮಾತ್ರ 81 ಪದಗಳ ಮಂಡಲ ಬರೆದು 45 ದೇವತೆಗಳನ್ನು ಪೂಜಿಸುವ ಪೂರ್ಣ ವಾಸ್ತು ಶಾಂತಿ, ರಾಕ್ಷೋಘ್ನ ಹೋಮ. ಸಾಲ ಮಾಡಿ ದೊಡ್ಡ ಹೋಮ ಮಾಡಿಸಬೇಡಿ. ಆ ಹಣದಲ್ಲಿ ಒಂದು ಜಂತಿ ಹೆಚ್ಚು ಬದಲಾಗಲಿ.

ದೀಪ ಹಿಡಿಯುವವರು ಯಾರು?

ಸಂಕಲ್ಪಕ್ಕೆ ನೀವು ದಂಪತಿಗಳು ಕೂರುವುದು ಸರಿ. ಇನ್ನು ದೀಪದ ವಿಷಯ. ಸೊಸೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ದಿನಾ ದೀಪ ಹಚ್ಚುತ್ತಾ ಬಂದವರು ನಿಮ್ಮ ತಾಯಿ. ನಿನ್ನೆ ಸಂಜೆಯೂ ಅವರೇ ಹಚ್ಚಿರುತ್ತಾರೆ. ಆಗ ಅಮಂಗಳವಾಗದ ಕೈ ಪ್ರವೇಶದ ದಿನ ಹೇಗೆ ಅಮಂಗಳವಾದೀತು? ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ದೇವರೆಂದು ಕಾಣಬೇಕಾದವರನ್ನು ಹೇಳುವಾಗ ತಾಯಿಯನ್ನು ಮೊದಲು ಹೇಳುತ್ತದೆ. ತಂದೆ, ಆಚಾರ್ಯರು, ಅತಿಥಿ ಆಮೇಲೆ. ಅಲ್ಲಿ ಸುಮಂಗಲಿಯಾದ ತಾಯಿ ಮಾತ್ರ ಎಂದು ಹೇಳಿಲ್ಲ. ಮುಂದೆ ತಾಯಿಯವರು ದೀಪ ಹಿಡಿದು ಬಲಗಾಲಿಟ್ಟು ಬರಲಿ; ನಿಮ್ಮ ಮನೆಯವರು ತುಂಬಿದ ಕೊಡ ಹಿಡಿದು, ನೀವು ದೇವರ ಪೆಟ್ಟಿಗೆ ಹಿಡಿದು ಹಿಂದೆ ಬನ್ನಿ. ದೇವರನ್ನು ಮತ್ತೆ ಕೂರಿಸುವುದೂ ಅವರ ಕೈಯಿಂದಲೇ ಆಗಲಿ. ಆಗ ಅವರ ಮನಸ್ಸಿನ ಅಳುಕೂ ಹೋಗುತ್ತದೆ.

ಅಂದು ಮೇಸ್ತ್ರಿಗೂ ಕೆಲಸದವರಿಗೂ ಊಟ ಹಾಕಿ, ಎಲೆ ಅಡಿಕೆ ದಕ್ಷಿಣೆ ಕೊಡಿ. ಬಾಕಿ ಕೂಲಿ ಇದ್ದರೆ ಹೋಮಕ್ಕೆ ಮೊದಲೇ ಚುಕ್ತಾ ಮಾಡಿಬಿಡಿ. ಶುಭಮಸ್ತು.