ಧರ್ಮ ಬದಲಿಸಿದವರ ಅಪರಾಧಿ ಭಾವ: ಎದುರಿಸುವ ಕ್ರಮ

ಒಂದು ಧರ್ಮ ಬಿಟ್ಟು ಇನ್ನೊಂದನ್ನು ಒಪ್ಪಿಕೊಂಡವರಲ್ಲಿ ಅಪರಾಧಿ ಭಾವ ತೀರಾ ಸಾಮಾನ್ಯ. ಯಾರ ಒತ್ತಾಯವೂ ಇಲ್ಲದೆ, ಓದಿ, ಯೋಚಿಸಿ ತೀರ್ಮಾನಿಸಿದವರನ್ನೂ ಅದು ಕಾಡುತ್ತದೆ. ಧರ್ಮ ಮನುಷ್ಯನೊಳಗೆ ಇಳಿಯುವುದು ಊಟ, ಹಬ್ಬ, ಹೆಸರು, ಮದುವೆ, ಸತ್ತವರ ಸಂಸ್ಕಾರ, ಅಜ್ಜಿ ಹೇಳಿಕೊಟ್ಟ ಪ್ರಾರ್ಥನೆಗಳ ಮೂಲಕ. ನಂಬಿಕೆ ವರ್ಷದೊಳಗೆ ಬದಲಾದೀತು, ಹುಟ್ಟಿನಿಂದ ಬಂದ ರೂಢಿ ಅಷ್ಟು ಬೇಗ ಬದಲಾಗದು. ಹೀಗಾಗಿ ಮನಸ್ಸು ಅಳುಕಿತು ಎಂದ ಮಾತ್ರಕ್ಕೆ ನಿರ್ಧಾರ ತಪ್ಪೆಂದು ತಿಳಿಯಬೇಕಿಲ್ಲ. ನಿರ್ಧಾರ ಸರಿಯಿದೆ ಎಂದು ಅಳುಕನ್ನು ತಳ್ಳಿಹಾಕುವುದೂ ಸಲ್ಲದು. ಎಷ್ಟೋ ಸಲ ಅದು ಮಾಡಬೇಕಾದ ಒಂದು ಕೆಲಸ ಬಾಕಿ ಉಳಿದಿದೆ ಎಂದು ಹೇಳುತ್ತಿರುತ್ತದೆ.

ಅಳುಕು ಯಾರ ಕುರಿತು?

ಮೊದಲ ಹೆಜ್ಜೆ, ಒಟ್ಟಾಗಿ ಕಾಡುವುದನ್ನು ಬಿಡಿಸಿ ನೋಡುವುದು. ಅದರಲ್ಲಿ ಹಲವು ಎಳೆಗಳು ಹೆಣೆದುಕೊಂಡಿರುತ್ತವೆ. ಹಳೆಯ ದೇವರು ಮುನಿದಾನು ಎಂಬ ಭಯ ಒಂದು. ತಂದೆತಾಯಿ, ಗಂಡ ಅಥವಾ ಹೆಂಡತಿಯನ್ನು ನೋಯಿಸಿದೆ ಎಂಬ ನೋವು ಇನ್ನೊಂದು. ಕುಲದವರಿಗೆ, ಊರಿಗೆ ದ್ರೋಹ ಮಾಡಿದ ಭಾವವೂ ಇರಬಹುದು. ಹೊಸ ಧರ್ಮದಲ್ಲಿ ಇನ್ನೂ ಪೂರ್ತಿ ಒಳಗಿನವರಾಗಿಲ್ಲ, ಪ್ರಾರ್ಥನೆಯ ಹೊತ್ತಿಗೆ ಹಳೆಯ ಮಂತ್ರವೋ ಹಳೆಯ ಹಾಡೋ ನಾಲಿಗೆಗೆ ಬರುತ್ತದೆ ಎಂಬ ಸಂಕೋಚವೂ ಇದೆ.

ಇವನ್ನು ಕಾಗದದ ಮೇಲೆ ಬೇರೆಬೇರೆಯಾಗಿ ಬರೆದು, ಪ್ರತಿಯೊಂದರ ಎದುರು ಒಂದೇ ಪ್ರಶ್ನೆ ಕೇಳಿಕೊಳ್ಳುವುದು ಉಪಯುಕ್ತ: ಇಲ್ಲಿ ನಿಜವಾಗಿ ಯಾರಿಗೆ, ಏನು ಅನ್ಯಾಯವಾಗಿದೆ? ಸುಳ್ಳು ಹೇಳಿದ್ದರೆ, ಮುಚ್ಚಿಟ್ಟಿದ್ದರೆ, ಹೊಸ ಹುರುಪಿನಲ್ಲಿ ಮನೆಯವರ ಪೂಜೆಯನ್ನೋ ನಮಾಜನ್ನೋ ಹೀಯಾಳಿಸಿದ್ದರೆ ಅದು ತಪ್ಪೇ. ಕ್ಷಮೆ ಕೇಳಿ ಸರಿಪಡಿಸಬಹುದಾದ ತಪ್ಪು. ಪ್ರಶ್ನೆಗೆ ಉತ್ತರ ಸಿಗದೆ, ‘ನಾನೇ ಕೆಟ್ಟವನು’ ಎಂಬ ಭಾವ ಮಾತ್ರ ಉಳಿದರೆ ಅದು ತಪ್ಪಿನ ಅರಿವಲ್ಲ, ಅವಮಾನದ ಭಾವ. ಅದಕ್ಕೆ ಪ್ರಾಯಶ್ಚಿತ್ತ ಮಾಡಿ ಫಲವಿಲ್ಲ. ಕಾಲ ಮತ್ತು ನಂಬಿಕಸ್ಥರ ಜೊತೆಗಿನ ಮಾತು ಅದನ್ನು ಕಡಿಮೆ ಮಾಡುತ್ತವೆ.

ಹೀಗೆ ಬಿಡಿಸಿ ನೋಡಿದಾಗ ಬಹುಪಾಲು ಅಳುಕು ದೇವರಿಗಿಂತ ಹೆಚ್ಚಾಗಿ ಮನುಷ್ಯರ ಕುರಿತಾದದ್ದು ಎಂದು ಗೊತ್ತಾಗುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ತಿಳಿವಿನ ಮೇಲೆ ನಿಂತಿವೆ.

ಅವಸರ ಬೇಡ

ಇನ್ನೂ ದೀಕ್ಷೆ ಪಡೆಯದವರಿಗೆ ಕಾಲಾವಕಾಶವೇ ದೊಡ್ಡ ನೆರವು. ಡಾ. ಬಿ.ಆರ್. ಅಂಬೇಡ್ಕರ್ 1935ರ ಅಕ್ಟೋಬರ್‌ನಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಾಗಪುರದಲ್ಲಿ ಬೌದ್ಧ ಧಮ್ಮ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವಿನ 21 ವರ್ಷ ಅವರು ಬೇರೆಬೇರೆ ಧರ್ಮಗಳನ್ನು ತೂಗಿ ನೋಡಿದರು. ಎಲ್ಲರಿಗೂ ಅಷ್ಟು ಕಾಲ ಬೇಕಿಲ್ಲ. ಆದರೆ ಒಂದು ಸಭೆಯ ಆವೇಶದಲ್ಲಿ, ಕಾಯಿಲೆಯ ಭಯದಲ್ಲಿ, ಪ್ರೀತಿಪಾತ್ರರು ತೀರಿಕೊಂಡ ದುಃಖದಲ್ಲಿ ತೆಗೆದುಕೊಂಡ ನಿರ್ಧಾರ ಮುಂದೆ ಹೆಚ್ಚು ನೋಯಿಸುತ್ತದೆ. ಕೆಥೋಲಿಕ್ ಸಭೆಯಲ್ಲಿ ವಯಸ್ಕರಿಗೆ ಜ್ಞಾನಸ್ನಾನಕ್ಕೆ ಮೊದಲು ತಿಂಗಳುಗಟ್ಟಲೆ ಉಪದೇಶದ ಕಾಲವಿದೆ. ಇಸ್ಲಾಮಿನಲ್ಲಿ ಕಲಿಮಾ ಹೇಳುವುದು ಕ್ಷಣದ ಕೆಲಸವಾದರೂ ಮೊದಲು ಕಲಿತು, ತಿಳಿದು ಹೇಳಲು ಯಾವ ಅಡ್ಡಿಯೂ ಇಲ್ಲ. ಕಾಯುವುದಕ್ಕೆ ಬಿಡದೆ ಅವಸರಪಡಿಸುವವರ ಬಗ್ಗೆ ಎಚ್ಚರ ಬೇಕು.

ಮದುವೆಗಾಗಿ ಮಾತ್ರ ಧರ್ಮ ಬದಲಿಸಲು ಹೊರಟವರು ಇನ್ನಷ್ಟು ಯೋಚಿಸಬೇಕು. ಸ್ವಂತ ನಂಬಿಕೆಯ ಬಲವಿಲ್ಲದ ಮತಾಂತರದಲ್ಲಿ ಅಳುಕು ಬಂದಾಗ ಆತುಕೊಳ್ಳಲು ಏನೂ ಇರುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಇಬ್ಬರೂ ತಮ್ಮ ತಮ್ಮ ಧರ್ಮದಲ್ಲೇ ಉಳಿದು ಮದುವೆಯಾಗಬಹುದು.

ಮನೆಯವರಿಗೆ ಹೇಳುವುದು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ಮಗನೋ ಮಗಳೋ ಧರ್ಮ ಬಿಟ್ಟ ಸುದ್ದಿಯನ್ನು ಬೀದಿಯಲ್ಲಿ ಕೇಳಿ ತಿಳಿದ ತಂದೆತಾಯಿಯನ್ನು ಮತಾಂತರಕ್ಕಿಂತ ಆ ಮುಚ್ಚುಮರೆ ಹೆಚ್ಚು ನೋಯಿಸುತ್ತದೆ. ಮರಾಠಿ ಕವಿ ನಾರಾಯಣ ವಾಮನ ತಿಲಕರು 1895ರಲ್ಲಿ ಕ್ರೈಸ್ತರಾದಾಗ ಪತ್ನಿ ಲಕ್ಷ್ಮೀಬಾಯಿ ಅನುಭವಿಸಿದ ಆಘಾತ, ಬಳಿಕದ ಅಗಲಿಕೆ ಅವರ ಆತ್ಮಕಥೆ ‘ಸ್ಮೃತಿಚಿತ್ರೆ’ಯಲ್ಲಿ ದಾಖಲಾಗಿದೆ. ಮನೆಯಲ್ಲಿ ಉಳಿದವರ ಕಡೆಯಿಂದ ಈ ವಿಷಯವನ್ನು ಅರಿಯಲು ಅದಕ್ಕಿಂತ ಒಳ್ಳೆಯ ಪುಸ್ತಕ ಅಪರೂಪ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮೂಲಕ 1844ರಲ್ಲಿ ಕ್ರೈಸ್ತರಾದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರ ಸಂಸಾರವೂ ಮುರಿಯಿತು. ಮತಾಂತರದ ಬೆಲೆಯಲ್ಲಿ ಒಂದು ಪಾಲನ್ನು ತೆರುವುದು ನಿರ್ಧಾರ ಮಾಡದ ಇನ್ನೊಬ್ಬರು. ಅಳುಕಿನಲ್ಲಿ ನ್ಯಾಯವಾದ ಭಾಗ ಯಾವುದಾದರೂ ಇದ್ದರೆ ಅದು ಇದೇ.

ಹೇಳುವಾಗ ಎದುರಿಗೆ ಕೂತು, ಒಬ್ಬೊಬ್ಬರಿಗೆ ಹೇಳುವುದು ಲೇಸು. ಹಬ್ಬದ ದಿನ, ಮದುವೆ ಮನೆ, ಯಾರೋ ಆಸ್ಪತ್ರೆಯಲ್ಲಿರುವ ಹೊತ್ತು ಬೇಡ. ಮನೆಯಲ್ಲಿ ಮನಸ್ಸಿಗೆ ಹತ್ತಿರದ ಅಕ್ಕನೋ ಸೋದರಮಾವನೋ ಇದ್ದರೆ ಮೊದಲು ಅವರಿಗೆ ತಿಳಿಸಿ, ಅವರ ಮೂಲಕ ಹಿರಿಯರ ಮನಸ್ಸನ್ನು ಸ್ವಲ್ಪ ಸಿದ್ಧಗೊಳಿಸಬಹುದು. ಮಾತು ತನ್ನ ನಂಬಿಕೆಯ ಕುರಿತಾಗಿರಲಿ, ಅವರ ನಂಬಿಕೆಯ ತಪ್ಪುಗಳ ಪಟ್ಟಿ ಅಲ್ಲಿ ಬೇಡ. ‘ನಿಮ್ಮ ಮಗ ನಾನು, ಅದು ಬದಲಾಗಿಲ್ಲ’ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಅಳು, ಸಿಟ್ಟು, ಮೌನ ಬಂದೇ ಬರುತ್ತವೆ. ಆ ದಿನವೇ ಅವರು ಒಪ್ಪಬೇಕೆಂದು ಬಯಸುವುದು ಅನ್ಯಾಯ. ತಾನು ತಿಂಗಳುಗಟ್ಟಲೆ ಯೋಚಿಸಿದ್ದನ್ನು ಅವರು ಆಗಷ್ಟೇ ಕೇಳುತ್ತಿರುತ್ತಾರೆ.

ಹೊಡೆತ, ಗೃಹಬಂಧನ, ಬಲವಂತದ ಮದುವೆಯ ಭಯವಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಮೊದಲು ಸುರಕ್ಷಿತ ಜಾಗ, ಆಮೇಲೆ ಮಾತು. ಅಂಥ ಸಂದರ್ಭದಲ್ಲಿ ಸುಮ್ಮನಿರುವುದು ಮೋಸವಲ್ಲ. 2018ರಲ್ಲಿ ಹಾದಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಕರು ಧರ್ಮವನ್ನೂ ಸಂಗಾತಿಯನ್ನೂ ತಾವೇ ಆರಿಸಿಕೊಳ್ಳಬಹುದು ಎಂಬುದನ್ನು ಎತ್ತಿಹಿಡಿಯಿತು.

ಹಬ್ಬ, ಊಟ, ಸಾವು

ಹೇಳಿದ ಮೇಲೆ ದಿನನಿತ್ಯದ ಬದುಕು ಶುರುವಾಗುತ್ತದೆ, ಅಳುಕು ಹೆಚ್ಚು ಚುಚ್ಚುವುದು ಇಲ್ಲೇ. ಹಬ್ಬದೂಟಕ್ಕೆ ಹೋಗಬಹುದೇ, ಪ್ರಸಾದ ತಿನ್ನಬಹುದೇ, ಹಣೆಗೆ ಕುಂಕುಮ ಇಡಬಂದ ಅಮ್ಮನ ಕೈಯನ್ನು ತಡೆಯುವುದು ಹೇಗೆ? ಧರ್ಮದಿಂದ ಧರ್ಮಕ್ಕೆ, ಪಂಗಡದಿಂದ ಪಂಗಡಕ್ಕೆ ಇದರ ಉತ್ತರ ಬೇರೆ. ಎದುರಾದಾಗ ತಡವರಿಸುವ ಬದಲು ಏನು ಸಾಧ್ಯ, ಏನು ಇಲ್ಲ ಎಂಬುದನ್ನು ಮೊದಲೇ ತೀರ್ಮಾನಿಸಿ ಮನೆಯವರಿಗೆ ತಿಳಿಸಿಡಬೇಕು. ಪೂಜೆಯಲ್ಲಿ ಕೂರದವರೂ ಅಡುಗೆಗೆ ಕೈಜೋಡಿಸಬಹುದು, ಅತಿಥಿಗಳಿಗೆ ಬಡಿಸಬಹುದು, ಅಜ್ಜನನ್ನು ಜಾತ್ರೆಗೆ ಕರೆದೊಯ್ಯಬಹುದು.

ತಂದೆತಾಯಿಯ ಸೇವೆಯ ವಿಷಯದಲ್ಲಿ ದೊಡ್ಡ ಧರ್ಮಗಳಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಹೆತ್ತವರು ಬೇರೆ ನಂಬಿಕೆಯವರಾದರೂ ಅವರೊಡನೆ ಒಳ್ಳೆಯ ರೀತಿಯಲ್ಲಿ ಬಾಳಬೇಕೆಂದು ಕುರ್‌ಆನ್ ವಿಧಿಸುತ್ತದೆ. ತಂದೆತಾಯಿಯನ್ನು ಗೌರವಿಸುವುದು ಬೈಬಲಿನ ಹತ್ತು ಆಜ್ಞೆಗಳಲ್ಲೊಂದು. ಗೃಹಸ್ಥರಿಗೆ ಬುದ್ಧ ನೀಡಿದ ಉಪದೇಶವಾದ ಸಿಗಾಲೋವಾದ ಸುತ್ತದಲ್ಲಿ ಮಕ್ಕಳ ಕರ್ತವ್ಯ ವಿವರವಾಗಿದೆ. ಹಿಂದೂ ಸಂಪ್ರದಾಯದಲ್ಲಿ ಮಾತಾಪಿತೃ ಋಣದ ಸ್ಥಾನ ಎಲ್ಲರಿಗೂ ಗೊತ್ತು. ಆದ್ದರಿಂದ ತಿಂಗಳ ಖರ್ಚು, ಆಸ್ಪತ್ರೆ ಓಡಾಟ, ವಾರದ ಫೋನು ನಿಲ್ಲದಂತೆ ನೋಡಿಕೊಳ್ಳಬೇಕು. ಮನೆಯವರ ಮುನಿಸು ಇಳಿಯುವುದು ವಾದದಿಂದಲ್ಲ, ಮಗ ಮಗಳು ಮೊದಲಿನಂತೆಯೇ ಬಂದು ಹೋಗುತ್ತಾರೆ ಎಂಬ ಅನುಭವದಿಂದ.

ಸಾವಿನ ವಿಷಯವನ್ನು ಬದುಕಿರುವಾಗಲೇ ಮಾತಾಡಿಕೊಳ್ಳುವುದು ಅಗತ್ಯ. ತಂದೆಯ ಚಿತೆಗೆ ಬೆಂಕಿ ಕೊಡುವವರು ಯಾರು, ತಿಥಿ ಮಾಡುವವರು ಯಾರು, ಪಿತೃಪಕ್ಷದಲ್ಲಿ ಎಡೆ ಇಡುವವರು ಯಾರು ಎಂಬುದು ಎಷ್ಟೋ ತಂದೆತಾಯಿಯನ್ನು ಒಳಗೊಳಗೇ ಕೊರೆಯುತ್ತಿರುತ್ತದೆ. ತಮ್ಮನೋ ಅಣ್ಣನ ಮಗನೋ ವಿಧಿ ನಡೆಸುವುದು, ಮತಾಂತರಗೊಂಡವರು ಖರ್ಚು ಮತ್ತು ಓಡಾಟ ವಹಿಸಿಕೊಳ್ಳುವುದು ಒಂದು ದಾರಿ. ಮತಾಂತರಗೊಂಡವರು ತಮ್ಮ ಅಂತ್ಯಕ್ರಿಯೆ ಹೇಗಾಗಬೇಕು ಎಂಬುದನ್ನೂ ಬರೆದಿಟ್ಟರೆ ಹೆಣದ ಮುಂದೆ ಜಗಳ ತಪ್ಪುತ್ತದೆ.

ಮನೆದೇವರ ಭಯ

ಧರ್ಮ ಬದಲಿಸಿದ ಕೆಲವೇ ದಿನಗಳಲ್ಲಿ ಮಗುವಿಗೆ ಜ್ವರ ಬಂದರೆ, ವ್ಯಾಪಾರ ಕುಸಿದರೆ, ಮನೆದೇವರ ಶಾಪ ಎಂಬ ಮಾತು ಬರುತ್ತದೆ. ತೀರಿಸದ ಹರಕೆ, ಕಟ್ಟಿಟ್ಟ ಮುಡಿಪು ನೆನಪಾಗುತ್ತವೆ. ಇಸ್ಲಾಂ ಅಥವಾ ಕ್ರೈಸ್ತ ಧರ್ಮ ಬಿಟ್ಟವರಲ್ಲಿ ಈ ಭಯ ನರಕದ ರೂಪ ತಾಳುತ್ತದೆ. ಜ್ವರ, ನಷ್ಟಗಳು ಧರ್ಮ ಬದಲಿಸದವರ ಮನೆಗೂ ಬರುತ್ತವೆ ಎಂಬುದು ಬುದ್ಧಿಗೆ ಗೊತ್ತಿದ್ದರೂ ಹೆದರಿಕೆ ಹೋಗುವುದು ನಿಧಾನ. ಆ ಭಯವನ್ನು ಅಡಗಿಸಲು ಗುಟ್ಟಾಗಿ ಹಳೆಯ ವಿಧಿಗಳನ್ನು ಮಾಡತೊಡಗಿದರೆ ಎರಡೂ ಕಡೆ ಅಳುಕು ಬೆಳೆಯುತ್ತದೆ. ಮುಡಿಪು, ದೇವರ ಪಟ, ಜಪಮಾಲೆ, ಧರ್ಮಗ್ರಂಥಗಳನ್ನು ಎಸೆಯದೆ, ಸುಡದೆ, ಆ ನಂಬಿಕೆಯುಳ್ಳ ಮನೆಯ ಹಿರಿಯರಿಗೆ ಒಪ್ಪಿಸುವುದು ಸರಿಯಾದ ಕ್ರಮ. ಹರಕೆ ತೀರಿಸಬೇಕೆಂದು ಅವರಿಗೆ ಅನ್ನಿಸಿದರೆ ಅವರು ತೀರಿಸಿಕೊಳ್ಳುತ್ತಾರೆ.

ಹೊಸ ಸಮುದಾಯದಲ್ಲಿ

ಅಳುಕಿನ ಒಂದು ಪಾಲು ಹೊಸ ಜಾಗದಿಂದಲೂ ಬರುತ್ತದೆ. ಹೊಸದಾಗಿ ಬಂದವರನ್ನು ವೇದಿಕೆಗೆ ಹತ್ತಿಸಿ, ಹಳೆಯ ಬದುಕು ಕತ್ತಲೆಯಾಗಿತ್ತೆಂದು ಸಾಕ್ಷಿ ಹೇಳಿಸುವ, ಹಳೆಯ ಧರ್ಮವನ್ನು ತೆಗಳಿಸುವ ರೂಢಿ ಹಲವೆಡೆ ಇದೆ. ಇದು ಕೆಟ್ಟ ರೂಢಿ. ಸಾಕಿದ ತಾಯಿಯ ನಂಬಿಕೆಯನ್ನು ಜನರ ಮುಂದೆ ಜರೆದವರಿಗೆ ರಾತ್ರಿ ನಿದ್ದೆ ಬರದಿದ್ದರೆ ಆಶ್ಚರ್ಯವಿಲ್ಲ. ಒಲ್ಲೆ ಎನ್ನುವ ಹಕ್ಕು ಹೊಸಬರಿಗಿದೆ.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಇಲ್ಲಿ ನೆನಪಾಗಬೇಕಾದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದ ಮೇಲೂ ಅವರು ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತ ಇರಲಿ ಎಂದರು. ತನ್ನ ಆತ್ಮಸಾಕ್ಷಿಗೆ ಒಪ್ಪದ ಬೋಧನೆಯನ್ನು ಒಪ್ಪಲಾರೆ ಎಂದು ಗುರುಸ್ಥಾನದಲ್ಲಿದ್ದವರೊಂದಿಗೆ ಪತ್ರಗಳಲ್ಲಿ ವಾದಿಸಿದರು. ಹೊಸ ಧರ್ಮಕ್ಕೆ ಬರುವಾಗ ಭಾಷೆ, ಉಡುಗೆ, ಊಟ, ಹೆಸರು ಎಲ್ಲವನ್ನೂ ಬಿಟ್ಟು ಬರಬೇಕಿಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ಪಾಸ್ಟರ್, ಮೌಲ್ವಿ, ಭಂತೇಜಿ, ಸ್ವಾಮೀಜಿ ಯಾರೇ ಇರಲಿ, ಪ್ರಶ್ನೆ ಕೇಳಿದರೆ ಸಿಟ್ಟಾಗದವರನ್ನು ಹುಡುಕಿಕೊಳ್ಳಬೇಕು. ಐದು ಹತ್ತು ವರ್ಷ ಮೊದಲು ಅದೇ ದಾರಿಯಲ್ಲಿ ಬಂದವರ ಮಾತು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಂಬಿಕೆ ನಿಜಕ್ಕೂ ನಿಲ್ಲಲಿಲ್ಲ, ಹಿಂದಿರುಗಬೇಕು ಅನ್ನಿಸಿದರೆ ಅದೂ ಅಪರಾಧವಲ್ಲ. ಸಂವಿಧಾನದ 25ನೇ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ಹೋಗುವವರಿಗೂ ಬರುವವರಿಗೂ ಒಂದೇ. ಆದರೆ ಅಳುಕನ್ನು ಇಳಿಸಿಕೊಳ್ಳಲಷ್ಟೇ ಹಿಂದಿರುಗಿದವರನ್ನು ಅದು ಅಲ್ಲಿಯೂ ಹಿಂಬಾಲಿಸಬಹುದು.

ಕಾನೂನಿನ ಲೆಕ್ಕ

ಮಕ್ಕಳಿಗೆ ಅನ್ಯಾಯ ಮಾಡಿದೆನೇ ಎಂಬ ಚಿಂತೆಗೆ ಸರಿಯಾದ ಮಾಹಿತಿಯೇ ಅರ್ಧ ಪರಿಹಾರ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಆ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಸಿಖ್ಖರು ಸೇರಿದ್ದು 1956ರಲ್ಲಿ, ಬೌದ್ಧರು 1990ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಮತಾಂತರಗೊಂಡವರ ಸ್ವಂತ ಪಾಲು ಆ ಕಾರಣಕ್ಕೆ ಹೋಗುವುದಿಲ್ಲ. ಮತಾಂತರದ ನಂತರ ಹುಟ್ಟಿದ ಮಕ್ಕಳು ಮಾತ್ರ, ಉತ್ತರಾಧಿಕಾರ ಜಾರಿಗೆ ಬರುವ ಹೊತ್ತಿಗೆ ತಾವೂ ಹಿಂದೂಗಳಾಗಿರದಿದ್ದರೆ, ಹಿಂದೂ ಸಂಬಂಧಿಕರ ಆಸ್ತಿಗೆ ವಾರಸುದಾರರಾಗುವುದಿಲ್ಲ. ಈ ಕಾಯ್ದೆಯ ಲೆಕ್ಕದಲ್ಲಿ ಬೌದ್ಧ, ಜೈನ, ಸಿಖ್ಖರೂ ಹಿಂದೂಗಳೇ. ಹಿಂದೂ ವಿವಾಹ ಕಾಯ್ದೆಯಲ್ಲಿ ಸಂಗಾತಿಯ ಮತಾಂತರ ವಿಚ್ಛೇದನಕ್ಕೆ ಒಂದು ಆಧಾರ. ಮೊದಲ ಮದುವೆ ಮುರಿಯದೆ, ಮತಾಂತರದ ನೆಪದಲ್ಲಿ ಮಾಡಿಕೊಳ್ಳುವ ಎರಡನೇ ಮದುವೆ ಅಸಿಂಧು ಎಂದು 1995ರ ಸರಳಾ ಮುದ್ಗಲ್ ತೀರ್ಪು ಹೇಳಿದೆ.

ಕರ್ನಾಟಕದಲ್ಲಿ 2022ರ ಕಾಯ್ದೆ, ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಸಲ್ಲಿಸಬೇಕೆಂದು ವಿಧಿಸಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೆಜ್ಜೆ ಇಡುವ ಹೊತ್ತಿನಲ್ಲಿ ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಂಡೇ ಮುಂದುವರಿಯಬೇಕು.

ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

ಸಾಮಾನ್ಯವಾದ ಅಳುಕು ಬಂದುಹೋಗುತ್ತದೆ. ವಾರಗಟ್ಟಲೆ ನಿದ್ದೆ, ಹಸಿವು ಇಲ್ಲದಿರುವುದು, ಕೆಲಸಕ್ಕೆ ಹೋಗಲಾಗದಿರುವುದು, ಅಶುದ್ಧಳಾದೆ ಎಂದು ಮತ್ತೆ ಮತ್ತೆ ತೊಳೆಯುವುದು, ಒಂದು ಪದ ತಪ್ಪಿತೆಂದು ಪ್ರಾರ್ಥನೆಯನ್ನು ಹತ್ತಾರು ಸಲ ಮೊದಲಿನಿಂದ ಹೇಳುವುದು ಇವೆಲ್ಲ ಧರ್ಮದ ಪ್ರಶ್ನೆಗಳಲ್ಲ. ಖಿನ್ನತೆ ಮತ್ತು ಗೀಳು ಧರ್ಮದ ವೇಷದಲ್ಲಿ ಬರುವುದು ವೈದ್ಯರಿಗೆ ಪರಿಚಿತ ಸಂಗತಿ. ಮಾತಿನ ಚಿಕಿತ್ಸೆ, ಅಗತ್ಯವಿದ್ದರೆ ಔಷಧ, ಎರಡರಿಂದಲೂ ಗುಣ ಕಾಣುತ್ತದೆ. ಆಪ್ತಸಮಾಲೋಚಕರು ಯಾವ ಧರ್ಮದವರಾದರೂ ಸರಿ, ಬಂದವರನ್ನು ತಮ್ಮ ಕಡೆ ಎಳೆಯದವರಾಗಿರಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್, ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ನೆರವು ಸಿಗುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.