ಕಾಲೇಜು ನಂಬಿ ಬಾಡಿಗೆ ಮನೆ ಕೊಳ್ಳುವ ಮುನ್ನ

ನಿವೃತ್ತಿಯ ಹಣವೋ ಜಮೀನು ಮಾರಿದ ದುಡ್ಡೋ ಕೈಗೆ ಬಂದಾಗ ‘ಕಾಲೇಜಿನ ಹತ್ತಿರ ಒಂದು ಮನೆ ತಗೊಂಡು ಬಾಡಿಗೆಗೆ ಬಿಡೋಣ’ ಅನ್ನಿಸುವುದು ಸಹಜ. ಯಳಂದೂರು, ಕೊಳ್ಳೇಗಾಲ, ಚಾಮರಾಜನಗರ ಮೂರೂ ಕಡೆ ಕಾಲೇಜುಗಳಿವೆ. ಆದರೆ ಬಾಡಿಗೆ ಕೊಡುವವರು ಊರಿನಲ್ಲಿ ಓದುವವರಲ್ಲ, ರಾತ್ರಿ ಉಳಿಯುವವರು.

1. ಬಾಡಿಗೆದಾರರು ಯಾರು?
ಸಂಜೆ ಕಾಲೇಜು ಬಿಡುವ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಲ್ಲಿ. ಬ್ಯಾಗು ಹೆಗಲಿಗೇರಿಸಿ ಸಂತೇಮರಹಳ್ಳಿ, ಕೊಳ್ಳೇಗಾಲದ ಬಸ್ಸಿಗೆ ನುಗ್ಗುವ ಮಕ್ಕಳು ನಿಮ್ಮ ಮನೆಗೆ ಬರುವವರಲ್ಲ. ವಿದ್ಯಾರ್ಥಿ ಪಾಸ್ ಮೊದಲಿನಿಂದಲೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೇ ಇಲ್ಲ. ಉಳಿಯುವವರಲ್ಲೂ ಹಲವರಿಗೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಸಿಗುತ್ತದೆ. ಹಾಸ್ಟೆಲ್ ಸಿಗದವರು ಮೂರು ನಾಲ್ಕು ಜನ ಸೇರಿ ಒಂದು ರೂಮು ಹಿಡಿಯುತ್ತಾರೆ. ಯಳಂದೂರಿನಂಥ ಸಣ್ಣ ಪಟ್ಟಣದಲ್ಲಿ ವರ್ಗವಾಗಿ ಬರುವ ಶಿಕ್ಷಕರು, ನರ್ಸ್‌ಗಳು, ಬ್ಯಾಂಕ್ ನೌಕರರನ್ನು ಮೊದಲು ಲೆಕ್ಕಕ್ಕೆ ಹಿಡಿಯಿರಿ.

2. ಒಂದೇ ಸಂಸ್ಥೆಗೆ ಜೋತುಬೀಳಬೇಡಿ
2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಚಾಮರಾಜನಗರಕ್ಕೆ ಹೊರಗಿನವರು ಹೆಚ್ಚಾಗಿ ಬರತೊಡಗಿದರು. 2023ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಆದರೆ 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಶಿಫಾರಸು ಮಾಡಿದ ಒಂಬತ್ತು ವಿ.ವಿ.ಗಳಲ್ಲಿ ಅದೂ ಸೇರಿತ್ತು. ಆಸ್ಪತ್ರೆ, ಕಚೇರಿ, ಪೇಟೆ ಎಲ್ಲಕ್ಕೂ ನಡೆದು ಹೋಗುವಷ್ಟು ಹತ್ತಿರದ ಮನೆಯಾದರೆ, ಒಂದು ಕಡೆಯವರು ಕೈಬಿಟ್ಟರೂ ಇನ್ನೊಂದು ಕಡೆಯವರು ಸಿಗುತ್ತಾರೆ.

3. ಲೆಕ್ಕ ಬರೆದು ನೋಡಿ
ಉದಾಹರಣೆಗೆ, ಪಟ್ಟಣದೊಳಗೆ 30 ಲಕ್ಷದ ಮನೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಮತ್ತು 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೇರಿದ ನೋಂದಣಿ ಶುಲ್ಕ ಸೇರಿ ಶೇ 7.6ರಷ್ಟು, ಅಂದರೆ 2.28 ಲಕ್ಷ ಹೆಚ್ಚುವರಿ. ಬಾಡಿಗೆ ತಿಂಗಳಿಗೆ 8,000. ಎರಡು ತಿಂಗಳು ಖಾಲಿ ಬಿದ್ದರೆ ವರ್ಷಕ್ಕೆ 80,000. ಕಂದಾಯ, ಸುಣ್ಣಬಣ್ಣ, ರಿಪೇರಿಗೆ 15,000 ಕಳೆದರೆ ಉಳಿಯುವುದು 65,000. ಹೂಡಿದ ಹಣಕ್ಕೆ ಶೇ 2ರಷ್ಟು. 20 ಲಕ್ಷ ಸಾಲ ಮಾಡಿದ್ದರೆ ಶೇ 8.5ರಂತೆ ಮೊದಲ ವರ್ಷದ ಬಡ್ಡಿಯೇ ಹೆಚ್ಚುಕಡಿಮೆ 1.7 ಲಕ್ಷ. ಬಾಡಿಗೆಯಿಂದಲೇ ಕಂತು ಕಟ್ಟುವ ಮಾತು ಮರೆತುಬಿಡಿ.

4. ಕಾಗದಪತ್ರ
- ಪಟ್ಟಣ ಪಂಚಾಯಿತಿ ವ್ಯಾಪ್ತಿಯಾದರೆ ಇ-ಖಾತೆ; ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. 11-ಬಿ ಇದ್ದರೆ ಬ್ಯಾಂಕ್ ಸಾಲ ಕಷ್ಟ.
- ‘ಕಾವೇರಿ’ ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಸಿ.
- ಹೊಲ ಒಡೆದು ಮಾಡಿದ ನಿವೇಶನವಾದರೆ ಭೂಪರಿವರ್ತನೆ ಆದೇಶ ಮತ್ತು ಬಡಾವಣೆ ನಕ್ಷೆಯ ಮಂಜೂರಾತಿ ಕೇಳಿ.
- ಮೂಲದಲ್ಲಿ ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೇ ಎಂದು ವಿಚಾರಿಸಿ. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. 2023ರ ತಿದ್ದುಪಡಿಯ ನಂತರ, ಅಂಥ ಭೂಮಿ ಮರಳಿ ಕೇಳಲು ಕಾಲಮಿತಿಯೂ ಇಲ್ಲ.

5. ಮೀಟರ್, ನೀರು
ಪ್ರತಿ ಮನೆಗೂ ಸೆಸ್ಕ್‌ನ ಬೇರೆ ಮೀಟರ್ ಹಾಕಿಸಿ; ಬಾಡಿಗೆದಾರರೂ ತಮ್ಮ ಹೆಸರಿನಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕಬಹುದು, ಕರೆಂಟ್ ಬಿಲ್ಲಿನ ಜಗಳವೂ ತಪ್ಪುತ್ತದೆ. ಸಂಪು, ಬಟ್ಟೆ ಒಗೆಯುವ ಕಲ್ಲು, ಬೈಕ್ ನಿಲ್ಲಿಸಲು ಜಾಗ ಇದ್ದರೆ ಮನೆ ಬೇಗ ಹೋಗುತ್ತದೆ.

6. ಕರಾರು
ರೂಢಿಯಲ್ಲಿರುವಂತೆ 11 ತಿಂಗಳ ಕರಾರು ಬರೆಸಿ. ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ವಿದ್ಯಾರ್ಥಿಗಳಾದರೆ ಪೋಷಕರ ಸಹಿಯೂ ಇರಲಿ. ಅಡ್ವಾನ್ಸ್, ಮನೆ ಬಿಡುವ ಮುಂಚೆ ಎಷ್ಟು ದಿನ ತಿಳಿಸಬೇಕು, ಬಣ್ಣದ ಖರ್ಚು ಯಾರದು ಎಂಬುದೆಲ್ಲ ಬರಹದಲ್ಲಿರಲಿ. ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಆದಾಯ ತೆರಿಗೆಯಲ್ಲಿ, ಕಂದಾಯ ಕಳೆದ ಬಾಡಿಗೆಯ ಮೇಲೆ ಶೇ 30ರಷ್ಟು ವಿನಾಯಿತಿ ಇದೆ.

ಇನ್ನೊಂದು ದಾರಿ
ಊರಲ್ಲಿ ಸ್ವಂತ ಮನೆಯಿದ್ದು ತಳಪಾಯ ಗಟ್ಟಿಯಿದ್ದರೆ, ಪಟ್ಟಣ ಪಂಚಾಯಿತಿಯ ಪರವಾನಗಿ ಪಡೆದು ಮಹಡಿಯ ಮೇಲೆ ಒಂದು ಸಣ್ಣ ಮನೆ ಹಾಕಿಸಿ. 6 ಲಕ್ಷ ಖರ್ಚಿಗೆ ತಿಂಗಳಿಗೆ 4,000 ಬಂದರೂ ವರ್ಷಕ್ಕೆ ಶೇ 8 ಆಯಿತು. ಎರಡು ತಿಂಗಳು ಖಾಲಿ ಬಿದ್ದರೂ ಶೇ 6ಕ್ಕಿಂತ ಹೆಚ್ಚು. ನಿವೇಶನದ ಬೆಲೆಯೂ ಇಲ್ಲ, ನೋಂದಣಿಯ ಖರ್ಚೂ ಇಲ್ಲ.